ಓಢಣಿ ಹಾಕಿ ಹಿಡಿದ ಕುರ್ಚಿ

ಯಾರಾದರೂ ಇಂಥ ಸಂಗತಿ ಹೇಳಿದರೆ ನಾನು ನಗು ತಡೆದುಕೊಂಡು ಕೇಳುತ್ತಿದ್ದೆ, ಅಷ್ಟೆ. ನಂಬುತ್ತಿರಲಿಲ್ಲ. ಓದಿದ್ದು ಕಾನ್ವೆಂಟಿನಲ್ಲಿ. ಹಾಸ್ಟೆಲಿನ ಹಿಂದಿನ ಬಾವಿಯ ಹತ್ತಿರ ಯಾರೋ ಅಳುತ್ತಾರೆಂದು ಹುಡುಗಿಯರು ಹೆದರಿದ್ದಾಗ ನಮ್ಮ ಸಿಸ್ಟರ್ ಒಬ್ಬರು ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ರಾಟೆಗೆ ಎಣ್ಣೆ ಹಾಕಿಸಿದರು. ಅಳು ನಿಂತಿತು. ಅಂದಿನಿಂದ ಯಾವ ವಿಚಿತ್ರದ ಹಿಂದೆಯೂ ಒಂದು ಒಣಗಿದ ರಾಟೆ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಈ ಒಂದಕ್ಕೆ ಮಾತ್ರ ಇನ್ನೂ ರಾಟೆ ಸಿಕ್ಕಿಲ್ಲ.

ಕಸ್ತೂರಿ ನನ್ನ ನಾದಿನಿ, ಯಜಮಾನರ ತಂಗಿ; ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಾಳೆ. ಬಬಲೇಶ್ವರದಲ್ಲಿ ನನ್ನ ಅತ್ತೆಯ, ಅಂದರೆ ತನ್ನ ತಾಯಿಯ ಜೊತೆ ಇದ್ದವಳು ತಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್ಡಿಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಬೆರಳುಗಳಿಗೆ ಯಾವಾಗಲೂ ಸಕ್ಕರೆಯ ಅಂಟು. ಒಂದು ದಿನ ಕೆಲಸದ ನಡುವೆ ಎದ್ದು ಹೊರಟವಳು ಘೋಣಸಗಿ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳಂತೆ. ಕಿವಿಯ ಹತ್ತಿರ ಯಾರೋ ಮಾತಾಡುತ್ತಾರೆ ಎಂದಳು. ಏನು ಮಾತಾಡುತ್ತಾರೆ ಎಂದರೆ ಹೇಳಲಿಲ್ಲ. ಬಯ್ಯುತ್ತಿರಬೇಕು ಎಂದು ನಾವೇ ಅಂದುಕೊಂಡೆವು.

ವಿಜಯಪುರದ ಡಾಕ್ಟರು ಗುಳಿಗೆ ಕೊಟ್ಟರು. ನಿದ್ದೆ ಬಂತು, ಊಟ ಸೇರಿತು, ದನಿ ಕಡಿಮೆಯಾಯಿತು, ಹೋಗಲಿಲ್ಲ. ಗುಳಿಗೆಯ ಜೊತೆಗೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಕೂತು ಮಾತಾಡಬೇಕು, ಅದನ್ನು ನಡುವೆ ಬಿಡಬಾರದು ಎಂದರು. ಹಾಗಾಗಿ ಕಸ್ತೂರಿಯನ್ನು ವಿಜಯಪುರದ ನಮ್ಮ ಮನೆಗೆ ಕರೆತಂದೆವು. ಅತ್ತೆಗೆ ಇದು ಸೇರಲಿಲ್ಲ. "ಬರೇ ಮಾತಾಡಾಕ ವಿಜಾಪುರಕ್ಕ ಯಾಕ ಹೋಗಬೇಕ? ನಾ ಇಲ್ಲೇ ಇದ್ದೇನಲ್ಲ, ಬಾಯಿ ಮುಚ್ಚಿದಾಕಿ ಅಲ್ಲ," ಎಂದರು. ಅದಂತೂ ನಿಜ.

ಕೌನ್ಸೆಲರ್ ಮೇಡಂ ಸಣ್ಣ ವಯಸ್ಸಿನವರು. ಆ ದನಿ ಸುಳ್ಳು ಎಂದೂ ಅನ್ನುತ್ತಿರಲಿಲ್ಲ, ನಿಜ ಎಂದೂ ಅನ್ನುತ್ತಿರಲಿಲ್ಲ. ಅದು ಬಂದಾಗ ನೀನು ಏನು ಮಾಡುತ್ತಿದ್ದೆ, ಅದು ಹೇಳಿದ್ದನ್ನು ಮಾಡದಿದ್ದರೆ ಏನಾಗುತ್ತದೆ, ಎಂದು ಮೆಲ್ಲಗೆ ಕೇಳುತ್ತಿದ್ದರಂತೆ. ಕಸ್ತೂರಿ ತಾನೇ ತಲೆ ಬಾಚಿಕೊಳ್ಳತೊಡಗಿದಳು. ಒಮ್ಮೆ ನನ್ನ ಬಿರುಸು ರೊಟ್ಟಿ ನೋಡಿ ನಕ್ಕಳು ಕೂಡ. ಆದರೆ ಆ ಕೋಣೆಯಲ್ಲಿ ಕೂಡುವುದೇ ಅವಳಿಗೆ ಕಷ್ಟ. ನಡುವೆಯೇ ಕುರ್ಚಿ ಸರಿಸುವ ಸದ್ದು ಕೇಳುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಕೂತ ನಾನು ನೀರಿನ ಬಾಟಲಿ ಹಿಡಿದು ಎದ್ದು ನಿಲ್ಲುತ್ತಿದ್ದೆ. ಎಳೆಯಬೇಡಿರಿ, ಬಯ್ಯಬೇಡಿರಿ, ಅವಳ ಜೊತೆ ನಡೆಯಿರಿ, ಚಹಾ ಕುಡಿಸಿರಿ, ಮನಸ್ಸಾದರೆ ವಾಪಸು ಕರೆತನ್ನಿರಿ ಎಂದಿದ್ದರು ಮೇಡಂ. ಹಾಗೇ ಮಾಡಿದೆ. ಎಷ್ಟೋ ಗುರುವಾರ ಅರ್ಧ ಕಪ್ಪು ಚಹಾ ಅಲ್ಲೇ ಬಿಟ್ಟು ಅವಳ ಹಿಂದೆ ನಡೆದಿದ್ದೇನೆ. ಮನೆಗೆ ಬಂದರೆ ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ಇರುತ್ತಿದ್ದವು. ದಣಿವು ಕಾಲಿನಲ್ಲಿ ಇರಲಿಲ್ಲ, ಕಣ್ಣಿನ ಹಿಂದೆ ಎಲ್ಲೋ ಇತ್ತು.

ಆಮೇಲೆ ಸಂಬಂಧಿಕರ ಮದುವೆಗೆಂದು ಬಬಲೇಶ್ವರಕ್ಕೆ ಹೋದ ಕಸ್ತೂರಿ ತಿರುಗಿ ಬರಲು ಒಪ್ಪಲಿಲ್ಲ. ಎರಡು ಗುರುವಾರ ಅವಳ ಕುರ್ಚಿ ಖಾಲಿ ಉಳಿಯಿತು. ಮೇಡಂ ಫೋನ್ ಮಾಡಿ, ಕಾಯುವವರು ಬಹಳ ಇದ್ದಾರೆ, ಈ ವಾರವೂ ಬರದಿದ್ದರೆ ಆ ಹೊತ್ತನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು ಎಂದರು. ಅವರ ದನಿಯಲ್ಲಿಯೂ ದಣಿವಿತ್ತು. ನಾನು ಕಸ್ತೂರಿಗೆ ಫೋನ್ ಹಚ್ಚಿ ಬಹಳ ಹೊತ್ತು ಕೇಳಿಕೊಂಡೆ. ಕೊನೆಗೆ ಅವಳು, "ಬಸ್ಸಿನ್ಯಾಗ ಟವೆಲ್ ಒಗದ ಸೀಟ ಹಿಡಿತಾರಲ್ರಿ ವೈನಿ, ಹಂಗ ನೀವ ಹೋಗಿ ನನ್ನ ಕುರ್ಚಿ ಹಿಡೀರಿ. ನನ್ನ ಹಳದಿ ಓಢಣಿ ಅಲ್ಲೇ ನಿಮ್ಮನ್ಯಾಗ ಐತಿ," ಎಂದು ಫೋನ್ ಇಟ್ಟಳು.

ಚೇಷ್ಟೆಯ ಮಾತು ಅದು. ಆದರೆ ಬೇರೇನೂ ತೋಚದ ನಾನು ಗುರುವಾರ ಮಧ್ಯಾಹ್ನ ಅವಳು ಹೆಗಲಿಗೆ ಹೊದೆಯುತ್ತಿದ್ದ ಆ ಓಢಣಿ ಚೀಲದಲ್ಲಿಟ್ಟುಕೊಂಡು ಹೊರಟೇಬಿಟ್ಟೆ. ಒಬ್ಬರ ಬದಲು ಇನ್ನೊಬ್ಬರು ಕೂಡುವ ಪದ್ಧತಿ ಅಲ್ಲಿಲ್ಲವೆಂದು ನನಗೆ ಗೊತ್ತಿತ್ತು. ಮೇಡಂ ನಗಲಿಲ್ಲ. ಬಂದಿದ್ದೀರಲ್ಲ ಕೂಡ್ರಿ, ಮನೆಯಲ್ಲಿ ಹೇಗಿದೆ ಎಂದಾದರೂ ಮಾತಾಡೋಣ ಎಂದರು. ಅಷ್ಟರಲ್ಲಿ ಡಾಕ್ಟರು ಕರೆದರೆಂದು ಹೊರಗೆ ಹೋದರು.

ನಾನು ಕಸ್ತೂರಿಯ ಕುರ್ಚಿಯ ಬೆನ್ನಿಗೆ ಓಢಣಿ ಹಾಕಿ ಕೂತೆ. ಕಬ್ಬಿಣದ ಕುರ್ಚಿ. ಬಲಗೈ ಇಡುವಲ್ಲಿ ಬಣ್ಣ ಕೆರೆದು ಹೋಗಿತ್ತು. ಅವಳ ಉಗುರೇ ಇರಬೇಕು. ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಆಗ ಬಲಗಿವಿಯ ಹತ್ತಿರ, ಒಬ್ಬಳು ಉಸಿರು ಬಿಟ್ಟು, "ಏಳವಾ ತಂಗಿ, ನಿನ್ನ ಪಾಳಿ ಮುಗೀತು," ಎಂದಳು.

ಬಾಗಿಲು ಎಡಕ್ಕಿತ್ತು. ಬಲಕ್ಕೆ ಇದ್ದದ್ದು ಗೋಡೆ. ಕಿಟಕಿ ಮುಚ್ಚಿತ್ತು. ಇದನ್ನೆಲ್ಲ ನಾನು ಆಮೇಲೆ ನೋಡಿದ್ದಲ್ಲ, ಆಗಲೇ ನೋಡಿದೆ. ನಿಮಗೆ ಹೇಳಬೇಕಾದದ್ದು ಇನ್ನೊಂದಿದೆ. ನನಗೆ ಹೆದರಿಕೆಯಾಗಲಿಲ್ಲ. ಆ ದನಿ ಬಯ್ಯಲಿಲ್ಲ, ಗದರಿಸಲಿಲ್ಲ. ದಿನವೆಲ್ಲ ದುಡಿದವಳು ಇನ್ನೊಬ್ಬ ದುಡಿಯುವವಳಿಗೆ ಹೇಳಿದ ಹಾಗೆ, ಕರುಣೆಯಿಂದ ಹೇಳಿತು. ಎಷ್ಟೋ ತಿಂಗಳಿಂದ ನನಗೆ ಯಾರೂ ಸಾಕು ಏಳು ಎಂದಿರಲಿಲ್ಲ. ನಾನು ಎದ್ದೆ. ಗೇಟಿನ ಹೊರಗೆ ಬಿಸಿಲು ಮುಖಕ್ಕೆ ಬಡಿದಾಗಲೇ ಕೋಣೆ ಬಿಟ್ಟು ಬಂದದ್ದು ತಿಳಿದದ್ದು. ಚಪ್ಪಲಿ ಬೆಂಚಿನ ಕೆಳಗೇ ಇದ್ದವು. ತಿರುಗಿ ಹೋಗಿ ಮೆಟ್ಟಿಕೊಂಡೆ. ಕೋಣೆಯೊಳಗೆ ಕಾಲಿಡಲು ಆಗಲಿಲ್ಲ.

ಮನೆಗೆ ಹೋಗದೆ ನೇರ ಬಬಲೇಶ್ವರದ ಬಸ್ಸು ಹತ್ತಿದೆ. ಹೋಗಿ ಏನು ಹೇಳುವುದೆಂದು ಗೊತ್ತಿರಲಿಲ್ಲ. ಅತ್ತೆ ಹಿತ್ತಲಲ್ಲಿದ್ದರು. ಕಸ್ತೂರಿ ಹೊಸ್ತಿಲ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿ ಸೋಸುತ್ತಿದ್ದಳು. ನನ್ನ ಮುಖ ನೋಡಿದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಪಾಳಿ ಮುಗೀತು ಅಂದ್ಲೇನ್ರಿ ವೈನಿ?"

ಅವಳಿಗೆ ಕೇಳುವ ದನಿಯ ವಿಷಯದಲ್ಲಿ ವಾದವೂ ಬೇಡ, ಹೌದೆಂಬ ಒಪ್ಪಿಗೆಯೂ ಬೇಡ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಹೌದೆಂದರೆ ಅವರು ಇಷ್ಟು ದಿನ ಕಟ್ಟಿದ್ದು ಕುಸಿಯಬಹುದು. ಇಲ್ಲವೆಂದರೆ ಇವಳು ಇನ್ನು ನನ್ನ ಮಾತು ನಂಬುವುದಿಲ್ಲ, ಆ ಕೋಣೆಗೂ ಬರುವುದಿಲ್ಲ.

"ಹೂಂ, ಅಂದ್ಲು," ಎಂದೆ. "ನಾ ಎದ್ದ ಬಂದೆ."

ಅವಳು ಸೋಸುವುದನ್ನು ನಿಲ್ಲಿಸಿದಳು. "ನೀವೂ ಎದ್ರಿ?"

"ಎದ್ದೆ."

"ಭಾಳ ಮೆತ್ತಗ ಅಂತಾಳ್ರಿ. ಬೈದಿದ್ರ ನಾ ಕುಂದರ್ತಿದ್ದೆ," ಎಂದಳು. ಮತ್ತೆ ಮೆಂತ್ಯೆಗೆ ಕೈ ಹಾಕಿ, "ಓಢಣಿ?" ಎಂದು ಕೇಳಿದಳು.

ಕುರ್ಚಿಯ ಮೇಲೆಯೇ ಉಳಿಯಿತು ಎಂದೆ. ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಹಂಗಾರ ಸೀಟ ಇನ್ನಾ ನಂದ ಐತಿ."

ಮುಂದಿನ ಗುರುವಾರ ಓಢಣಿ ತರುವುದಕ್ಕೆಂದು ಬಂದಳು. ಬಂದವಳು ಕೂತಳು. ಮೇಡಂಗೆ ನಾನು ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಬಹಳ ದಣಿದವರ ಕಿವಿಗೆ ಒಮ್ಮೊಮ್ಮೆ ಹೀಗೆ ಕೇಳುವುದುಂಟು, ನೀವೂ ಸ್ವಲ್ಪ ನಿದ್ದೆ ಮಾಡಿರಿ ಎಂದರು. ಇರಬಹುದು. ಆದರೆ ಅದೇ ಮಾತು ಯಾಕೆ? ಮನೆಯಲ್ಲಿ ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ನಿಮಗೆ ಹೇಳಿದ್ದಳೇ ಎಂದು ಕೇಳಿದೆ. ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ದನಿ ಏನನ್ನುತ್ತದೆ ಎಂದು ಇವತ್ತೇ ಮೊದಲ ಸಲ ಬಾಯಿಬಿಟ್ಟಿದ್ದಾಳೆ ಎಂದರು.

ಇದಾಗಿ ನಾಲ್ಕು ವರ್ಷ. ಆ ದನಿ ನನಗೆ ಮತ್ತೆ ಕೇಳಿಲ್ಲ. ಆ ಕುರ್ಚಿಯಲ್ಲಿ ನಾನೂ ಮತ್ತೆ ಕೂತಿಲ್ಲ. ಅವಳು ಯಾರು, ಕಸ್ತೂರಿಯ ಜಾಗದಲ್ಲಿ ಕೂತವಳಿಗೆ ಯಾಕೆ ಹಾಗೆ ಹೇಳಿದಳು, ನಿಜಕ್ಕೂ ಹೇಳಿದಳೇ, ನನಗೆ ಗೊತ್ತಿಲ್ಲ. ಕಸ್ತೂರಿಗೆ ಈಗಲೂ ಕೇಳುತ್ತದೆ, ಕಡಿಮೆ. ಕೇಳಿದರೂ ಹೆಚ್ಚಾಗಿ ಕೂತಿರುತ್ತಾಳೆ.

ಕಳೆದ ವಾರ ನಾನು ಬೆಂಚಿನ ಮೇಲೆ ಕೂತಿದ್ದಾಗ ಒಳಗೆ ಕುರ್ಚಿ ಸರಿದ ಸದ್ದಾಯಿತು. ಅಭ್ಯಾಸದಂತೆ ಬಾಟಲಿ ಹಿಡಿದು ಎದ್ದೆ. ಬಾಗಿಲು ತೆರೆಯಲಿಲ್ಲ. ಕುರ್ಚಿ ಇನ್ನೊಮ್ಮೆ ಸರಿಯಿತು, ಈ ಸಲ ಮೇಜಿನ ಕಡೆಗೆ. ಆಮೇಲೆ ಕಸ್ತೂರಿಯ ಮಾತು ಮುಂದುವರಿಯಿತು. ನಾನು ನಿಂತಲ್ಲೇ ನಿಂತು, ಬಲಗಡೆಗೆ ಒಮ್ಮೆ ನೋಡಿ, ಮೆಲ್ಲಗೆ ಕೂತೆ.