ನಾಗಶ್ರೀಗೆ ಬಾರದ ರಿವರ್ಸು

ನಾಗಶ್ರೀ ಕಾರು ಓಡಿಸುತ್ತಾಳೆ ಅನ್ನುವುದು ಮುಕ್ಕಾಲು ಪಾಲು ನಿಜ. ಮುಂದಕ್ಕೆ ಸೊಗಸಾಗಿ ಓಡಿಸುತ್ತಾಳೆ. ಹಿಂದಕ್ಕೆ ತೆಗೆಯಬೇಕು ಅಂದರೆ ಮಾತ್ರ ಕೈಕಾಲು ಆಡುವುದಿಲ್ಲ. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವ ಈ ಹೆಂಗಸು ಐವತ್ತರ ಹತ್ತಿರ ಬಂದು ಸ್ಟೇರಿಂಗ್ ಹಿಡಿದವಳು. ಭಾನುವಾರ ಸಂಜೆ ಮಂಡ್ಯದ ಮನೆ ಮುಂದೆ ಅವಳು ಹಾರ್ನ್ ಹೊಡೆದರೆ ಗಂಡ ರಾಜೇಂದ್ರ ಹೊರಗೆ ಬರಬೇಕು, ಕೀ ಇಸಿದುಕೊಂಡು ಕಾರನ್ನು ಹಿಂದುಹಿಂದಾಗಿ ಕಾಂಪೌಂಡಿನೊಳಗೆ ಹಾಕಬೇಕು.

"ಹೈವೇಲಿ ಓಗು, ರಿವರ್ಸಿನ ತಂಟೇನೇ ಇಲ್ಲ" ಅನ್ನುವುದು ಅವನ ವಾದ. "ಒಳದಾರೀಲಿ ಸಿಕ್ಕಾಕೊಂಡು ನಂಗೆ ಫೋನ್ ಮಾಡುದ್ರೆ, ಅವತ್ತಿಂದ ಕೀ ನನ್ ತಾವೇ."

ಆದರೆ ಭಾನುವಾರದ ಸವಾರಿ ನಾಗಶ್ರೀಯ ತಾಯಿ ಪಟ್ಟಲಮ್ಮನದು. "ಹೈವೇಲಿ ಏನೈತೆ ನೋಡಕ್ಕೆ? ಆ ಕಡೆ ಬೇಲಿ, ಈ ಕಡೆ ಗ್ವಾಡೆ. ಯಾರ್ನಾರ ಮಾತಾಡ್ಸಕ್ಕಾದದಾ?" ಎಂದು ಮುದುಕಿ ಮೂಗು ಮುರಿಯುತ್ತಿದ್ದಳು. ಒಳದಾರಿಯಲ್ಲಾದರೆ ಕಿಟಕಿ ಇಳಿಸಿ, ಗುರುತಿರಲಿ ಬಿಡಲಿ, ಗದ್ದೆಯಲ್ಲಿದ್ದವರಿಗೆಲ್ಲ "ಊಟ ಆಯ್ತಾ?" ಅನ್ನಬಹುದು. ಕಾರಿನ ಕೀ ಹೋದರೆ ಅವ್ವನ ಈ ಸುಖಕ್ಕೂ ಕಲ್ಲು ಬೀಳುತ್ತದಲ್ಲ ಎನ್ನುವುದೇ ನಾಗಶ್ರೀಯ ಹೆದರಿಕೆ.

ಆ ಭಾನುವಾರ ಬಂಡೂರಿನ ಚಿಕ್ಕವ್ವ ಮರಿತಾಯಮ್ಮನ ಮನೆಯಲ್ಲಿ ಬಾಡೂಟ. ತಾಯಿ ಮಗಳು ಚಿಕ್ಕರಸಿನಕೆರೆ ದಾಟಿ ನಾಲೆಯ ಏರಿ ಮೇಲಿನ ದಾರಿ ಹಿಡಿದಿದ್ದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಒಂದೇ ಗಾಡಿ ಹಿಡಿಸುವ ರಸ್ತೆ.

"ಅಕ್ಕೋ, ಲೋಡು ಇಂದಕ್ ಓಗಲ್ಲ. ನೀವೇ ಮೋರಿ ಗಂಟ ತಕ್ಕಳಿ" ಎಂದ ಟ್ರ್ಯಾಕ್ಟರಿನವನು. ಅವಳ ಕೈ ಫೋನಿನತ್ತ ಹೋದದ್ದು ಕಂಡು, "ನಾನೇ ತಗುದ್ಕೊಡ್ಲಾ?" ಅಂತಲೂ ಕೇಳಿದ. ಹೋದ ಜೀವ ಬಂದಂತಾಗಿ ನಾಗಶ್ರೀ ಬಾಗಿಲು ತೆರೆದಳು.

"ಬ್ಯಾಡ ಕಣಪ್ಪ, ಅವ್ಳೇ ತಗೀತಾಳೆ" ಎಂದು ಪಟ್ಟಲಮ್ಮ ತಾನೇ ಇಳಿದಳು. ನೆಟ್ಟಗೆ ಕಾರಿನ ಹಿಂದೆ ಹೋಗಿ ರಸ್ತೆ ನಡುವೆ ನಿಂತು, ಕರು ಕರೆಯುವವಳಂತೆ ಎರಡೂ ಕೈಯಲ್ಲಿ "ಬಾ, ಬಾ, ಬಾ" ಅಂದಳು.

"ಅವ್ವ, ಪಕ್ಕಕ್ ಓಗು! ಕನ್ನಡೀಲಿ ಬರೀ ನೀನೇ ಕಾಣ್ತೀಯ, ರಸ್ತೆ ಕಾಣ್ತಿಲ್ಲ!"

"ನನ್ನೇ ನೋಡ್ಕಂಡ್ ಬಾ ಮಗ!"

ಬೇರೆ ದಾರಿಯಿರಲಿಲ್ಲ. ಎಂಜಿನ್ನು ಎರಡು ಸಲ ಆಫಾಯಿತು. ಕುಪ್ಪಸ ಬೆವರಿಗೆ ಅಂಟಿಕೊಂಡಿತು. ಪಟ್ಟಲಮ್ಮ ರಸ್ತೆಯ ನಡುವೆಯೇ ಹಿಂದೆ ಹಿಂದೆ ಹೆಜ್ಜೆ ಇಟ್ಟಳು, ಅವಳನ್ನೇ ನೋಡುತ್ತ ಬಂದ ಕಾರೂ ನಡುವೆಯೇ ಬಂತು. ಮೋರಿಯ ಅಗಲ ಜಾಗ ಸಿಕ್ಕಾಗ ನಾಗಶ್ರೀಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಟ್ರ್ಯಾಕ್ಟರಿನವನು ದಾಟಿ ಹೋಗುವಾಗ ಒಂದು ಕಬ್ಬಿನ ಜಲ್ಲೆಯನ್ನು ಕಿಟಕಿಯೊಳಕ್ಕೆ ತೂರಿಸಿ ಹೋದ.

ಸಂಜೆ ಮನೆ ಮುಂದೆ ಹಾರ್ನ್ ಆಗಲಿಲ್ಲ. "ಬಾ, ಬಾ, ಬಾ" ಅನ್ನುವ ಅತ್ತೆಯ ಕೂಗು ಕೇಳಿ ರಾಜೇಂದ್ರ ಹೊರಗೆ ಓಡಿ ಬಂದ. ಕಾರು ಆಗಲೇ ಹಿಂದುಹಿಂದಾಗಿ ಕಾಂಪೌಂಡಿನೊಳಗೆ ಬಂದು ನಿಂತಿತ್ತು. ಅಭ್ಯಾಸಬಲದಿಂದ ಕೀಗೆ ಕೈ ಚಾಚಿದ.

ನಾಗಶ್ರೀ ಆ ಕೈಗೆ ಕಬ್ಬಿನ ಜಲ್ಲೆ ಕೊಟ್ಟು, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.