ಒಂಬತ್ತನೇ ಕಟ್ಟಡದ ಕಿಟಕಿ

ನಗರ ಯೋಜನಾ ಕಚೇರಿಯಲ್ಲಿ ಎಲ್ಲರೂ ಅವರನ್ನು ಅಂಟುಮಾಮ ಎನ್ನುತ್ತಿದ್ದೆವು. ಊರು ಮುಂದೆಂದೋ ಕಟ್ಟಲಿರುವ ಮನೆಗಳನ್ನು ಮೊದಲು ರಟ್ಟಿನಲ್ಲಿ ಕಟ್ಟಿ ತೋರಿಸುವುದು ಅವರ ಕೆಲಸ. "ಮಂತ್ರಿಗಿಂತ ಜಾಸ್ತಿ ಮನೆ ಕಟ್ಟಿದೀನಿ. ಒಂದರಲ್ಲೂ ಕಾಲು ಚಾಚೋಕಾಗಲ್ಲ ಅಷ್ಟೆ" ಎಂದು ನಗುತ್ತಿದ್ದರು. ನಾನು ಅದೇ ಕೋಣೆಯ ಟೈಪಿಸ್ಟ್. ಅವರ ಎದುರಿನ ಮೇಜು ನನ್ನದು.

ಕಾಲುವೆ ಪಕ್ಕದ ಒಂಟಿಕೋಣೆ ಸಾಲಿನ ಕುಟುಂಬಗಳಿಗೆ ಕಡಿಮೆ ಬಾಡಿಗೆಯ ಒಂಬತ್ತು ಕಟ್ಟಡ, ನಡುವೆ ದುಡಿಯುವ ತಾಯಂದಿರ ಮಕ್ಕಳಿಗೊಂದು ಶಿಶುವಿಹಾರ, ಪಕ್ಕದಲ್ಲಿ ದವಾಖಾನೆ. ಯೋಜನೆ ಇಷ್ಟು. ಹಳೇ ಕೋಣೆಯ ಕೀಲಿ ಒಪ್ಪಿಸಿದವರಿಗೆ ಹೊಸ ಮನೆ, ಅದು ಮುಗಿಯುವವರೆಗೆ ತಾತ್ಕಾಲಿಕ ಶೆಡ್ಡು. ಒಪ್ಪಿಸದವರನ್ನು ಯಾರೂ ಎಬ್ಬಿಸುವಂತಿಲ್ಲ. ನಕ್ಷೆ ಯಾರಿಗೆ ಅರ್ಥವಾಗಬೇಕು? ಜನ ಬಂದು ಮಾಮನ ಮಾದರಿಯ ಸುತ್ತ ನಿಂತು, ಬೆರಳಿಟ್ಟು ಮನೆ ಆರಿಸಿಕೊಂಡರು.

ಮಾಮನ ಅಕ್ಕನೂ ಬಂದರು. ಅವರದು ಅದೇ ಕಾಲುವೆ ಸಾಲಿನ ಕೋಣೆ; ಮಾಮನ ಜತೆ ನಾನೂ ಒಂದೆರಡು ಸಲ ಹೋಗಿದ್ದೆ. ಗಂಡನನ್ನು ಕಳೆದುಕೊಂಡ ಅವರ ಮಗಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಪಾಳಿಗೆ ಹೋಗುತ್ತಿದ್ದಳು. ಇಬ್ಬರು ಮೊಮ್ಮಕ್ಕಳ ಭಾರ ಅಕ್ಕನ ತಲೆಯ ಮೇಲೇ.

"ಒಂಬತ್ತನೇದರಲ್ಲಿ ಮೂರನೇ ಮಹಡಿ, ಈ ಕಿಟಕಿ. ಇಲ್ಲಿಂದ ಶಿಶುವಿಹಾರ ಕಾಣುತ್ತೇನೋ?"

ಮಾಮ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿದರು. "ಕಾಣುತ್ತೆ ಕಣಕ್ಕ. ಬಾಗಿಲೂ ಕಾಣುತ್ತೆ."

"ಹಾಗಿದ್ರೆ ನಂಗೆ ಇನ್ನೇನೂ ಬೇಡ."

ಆಮೇಲೆ ಶುರುವಾಯಿತು. ನಮ್ಮ ಸಾಹೇಬರು ಗದರುವವರಲ್ಲ. ಗದರಿದರೆ ಜಗಳವಾದರೂ ಆಡಬಹುದು. ಅವರದು ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು.

"ಮಾದರಿ ಸ್ವಲ್ಪ ಭಾರ ಆಯ್ತು ಅನ್ಸುತ್ತೆ. ಹಗುರ ಮಾಡಿ" ಎಂದರು.

ಮೊದಲು ಶಿಶುವಿಹಾರ ಹೋಯಿತು. ಮುಂದಿನ ವಾರ ದವಾಖಾನೆ. ಒಣಗಿದ ಅಂಟನ್ನು ತೆಳು ಚಾಕುವಿನಿಂದ ಎಬ್ಬಿಸುವಾಗ ಬರುತ್ತಿದ್ದ ಕಿರ್ರೆನ್ನುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಖಾಲಿಯಾದ ಜಾಗಕ್ಕೆ ಹಸಿರು ಸ್ಪಂಜು ಅಂಟಿಸಿದರೆ ಅದು ಉದ್ಯಾನ. ನೋಡಿದವರಿಗೆ ಚಂದವೇ ಕಾಣುತ್ತಿತ್ತು.

"ಅಕ್ಕನಿಗೆ ಹೇಳಿದ್ರಾ ಮಾಮ?"

"ಎಲ್ಲೋ ಜಾಗ ಬದಲಾಯಿಸ್ತಾರೆ, ವಾಪಸ್ ಬರುತ್ತೆ. ಖಾತ್ರಿಯಾಗದೆ ಯಾಕೆ ಹೆದರಿಸಲಿ?" ಹೀಗೆಂದವರು ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

ಬುಧವಾರ ಸಾಹೇಬರು ಒಂದು ಆದೇಶ ಟೈಪ್ ಮಾಡಲು ಕೊಟ್ಟರು. ಎಂಟು ಮತ್ತು ಒಂಬತ್ತನೇ ಕಟ್ಟಡ ರದ್ದು. ಅಲ್ಲಿ ಮನೆ ಆರಿಸಿಕೊಂಡವರಿಗೆ, ಕೀಲಿ ಒಪ್ಪಿಸಿದ್ದರೂ, ಮನೆಯೂ ಇಲ್ಲ, ಶೆಡ್ಡೂ ಇಲ್ಲ. ಪ್ರಕಟಣೆ ಸೋಮವಾರ. ಸಾಹೇಬರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು.

"ಈ ಕಾಗದ ನೋಡಿರೋರು ನಾವಿಬ್ಬರೇ ಅಮ್ಮಾ."

ಅಷ್ಟು ಸಾಕಾಯಿತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎದುರಿಗೇ ಮಾಮ ಒಂಬತ್ತನೇ ಕಟ್ಟಡದ ಧೂಳು ಒರೆಸುತ್ತಿದ್ದರು. ನಾನು ತುಟಿ ಹೊಲಿದುಕೊಂಡು ಕೂತೆ. ಗುರುವಾರವೂ ಕೂತೆ. ಬರೆಯಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಸಾಹೇಬರು ಬಾಗಿಲಲ್ಲೇ ನಿಂತು, "ಕೊನೆಯ ಎರಡೂ ತೆಗೆದುಬಿಡಿ" ಎಂದು ಹೋದರು. ಮಾಮ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಚಾಕು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು. ನಾನೂ ಹಿಂದೆ ಓಡಿದೆ.

ಕಾಲುವೆ ಸಾಲಿನಲ್ಲಿ ಖಾಲಿ ಮಾಡಿದ ಕೋಣೆಗಳ ಬಾಗಿಲುಗಳನ್ನು ಕಚೇರಿಯ ಆಳುಗಳು ಆಗಲೇ ಕಿತ್ತು ರಾಶಿ ಹಾಕಿದ್ದರು. ಅವೆಲ್ಲ ಬಾಯಿ ತೆರೆದುಕೊಂಡು ನಿಂತಿದ್ದವು. ಅಕ್ಕ ಗಂಟುಮೂಟೆಯ ನಡುವೆ, ಮಲಗಿದ್ದ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖದ ತುಂಬ ನಗು.

"ನಿನ್ನೆನೇ ಕೀಲಿ ಕೊಟ್ಬಿಟ್ಟೆ ಕಣೋ. ಎಲ್ಲರೂ ಹಿಂದೆಮುಂದೆ ನೋಡ್ತಿದ್ರು. ನನ್ನ ತಮ್ಮನೇ ಕಟ್ಟಿದಾನೆ, ಯಾಕೆ ಭಯ ಅಂತ ನಾನೇ ಮೊದಲು ಕೊಟ್ಟೆ. ಆಮೇಲೆ ಒಂಬತ್ತನೇದು ಆರಿಸಿದ್ದ ಹದಿನಾಲ್ಕು ಮನೆಯವರೂ ಕೊಟ್ರು."

ಮಾಮ ಅವರ ಪಕ್ಕ ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದಂತೆ ಹೇಳಿದರು. ಅಕ್ಕ ಅಳಲಿಲ್ಲ. ಮಗುವಿನ ಕಾಲಿಗೆ ಹೊದಿಕೆ ಎಳೆದರು.

ಮಾಮ ನನ್ನ ಕಡೆ ತಿರುಗಿದರು. "ಆರ್ಡರ್ ಯಾವತ್ತು ಟೈಪ್ ಮಾಡಿದೆ?"

"ಬುಧವಾರ."

ಮುಂದಿನದನ್ನು ಕೇಳಿದ್ದು ಅಕ್ಕ, ಮಗು ಏಳದಂತೆ ಮೆಲ್ಲಗೆ.

"ನಾವು ಕೀಲಿ ಕೊಟ್ಟಿದ್ದು ಗುರುವಾರ ಸಾಯಂಕಾಲ. ನಿಂಗೆ ನಮ್ಮನೆ ದಾರಿ ಗೊತ್ತಿತ್ತಲ್ಲಮ್ಮಾ?"