ಒಂದೇ ಸೂರಿನ ಎರಡು ಮನೆಗಳು

ಏಪ್ರಿಲ್ ಎರಡನೆಯ ವಾರದ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಖಾನಾಪುರ ತಾಲ್ಲೂಕಿನ ಪಾಂಗಾರವಾಡಿಯಲ್ಲಿ ಒಂದು ಉದ್ದನೆಯ ಹೆಂಚಿನ ಮನೆಯ ಅಂಗಳದಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತಿದ್ದೆ. ಮನೆ ನನ್ನ ಎದುರಿಗಿತ್ತು. ಎಡಗಡೆಯ ಬಾಗಿಲು ಮಾರುತಿಯವರದು. ಬಲಗಡೆಯದು ಅವರ ತೀರಿಹೋದ ಅಣ್ಣನ ಹೆಂಡತಿ ಸುಶೀಲಾಬಾಯಿಯವರದು. ಎರಡು ಬಾಗಿಲುಗಳ ನಡುವಿನಿಂದ ನನ್ನ ಕಾಲಬುಡದವರೆಗೆ ಸುಣ್ಣದ ಗೆರೆ ಎಳೆದದ್ದನ್ನು ಕಣ್ಣಾರೆ ಕಂಡೆ. ಬಿಸಿಲು ಚೆನ್ನಾಗಿತ್ತು, ಕನ್ನಡಕ ಹಾಕಿಕೊಂಡಿದ್ದೆ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಮರುದಿನ ಆ ಗೆರೆ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ. ಗೋಡೆಗೆ ನೇತುಹಾಕುವ, ಮಡಿಕೆಗಳಲ್ಲಿ ಹರಿದ ನಕ್ಷೆಗಳನ್ನು ಕೋಲಿನಿಂದ ತೋರಿಸುತ್ತ ಬದುಕು ಕಳೆದವನಿಗೆ ಆಕಾಶದಿಂದ ಊರು ಅಳೆಯುತ್ತಾರೆಂದರೆ ಕುತೂಹಲ ಹುಟ್ಟದೆ ಇರುತ್ತದೆಯೆ? ಖಾಸಬಾಗದ ರಜಾಕ್ ಭಾಯಿ ನನ್ನ ಹಳೆಯ ಸ್ನೇಹಿತರು. ಅವರ ಜೀಪು ಅಳತೆಯ ತಂಡಕ್ಕೆ ಬಾಡಿಗೆಗೆ ಹೋಗುತ್ತಿತ್ತು. "ಮಾಸ್ತರ್, ಡ್ರೋನ್ ಹಾರಿಸಿ ಹಳ್ಳಿ ಅಳೀತಾರ. ಒಂದು ಸೀಟ್ ಖಾಲಿ ಐತಿ, ಬರ್ತೀರೇನು?" ಎಂದು ಕೇಳಿದ್ದರು. ಎರಡು ದಿನದ ಬಟ್ಟೆ ತುಂಬಿಕೊಂಡು ಹೊರಟೆ.

ಮೊದಲು ನಮ್ಮೂರಿನದೇ ಅಂಗಡಿಬೀದಿ ರವಿವಾರ ಪೇಟೆಗೆ ಹೋದೆವು. ಅಳತೆಯ ನೌಕರ ಬಸವರಾಜ ಅಲ್ಲಿ ಎರಡು ಚೀಲ ಸುಣ್ಣ ಕೊಂಡು ನಮಗಾಗಿ ಕಾಯುತ್ತಿದ್ದರು. ಇನ್ನೊಂದು ಚೀಲ ಇರಲಿ ಎಂದು ರಜಾಕ್ ಹೇಳಿದರು. ಒಂದು ಊರಿಗೆ ಎರಡೇ ಚೀಲ ಎಂದು ಮೇಲಿನಿಂದ ಆದೇಶವಿದೆಯೆಂದು ಬಸವರಾಜ ಉತ್ತರಿಸಿದರು.

"ಊರು ದೊಡ್ಡದಿದ್ರ ಏನ್ ಮಾಡ್ತೀರಿ ಸಾಹೇಬ್ರ, ಗೆರಿ ಸಪೂರ ಎಳೀತೀರೇನು?" ಎಂದರು ರಜಾಕ್.

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮೂರನೆಯ ಚೀಲ ಅಂಗಡಿಯ ಕಟ್ಟೆಯ ಮೇಲೆಯೇ ಉಳಿಯಿತು.

ಖಾನಾಪುರ ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರ್. ಟಿಳಕವಾಡಿ, ಪೀರನವಾಡಿ, ಮಚ್ಛೆ ದಾಟಿದರೆ ರಸ್ತೆ ಅಗಲವಾಗಿದೆ, ಗಂಟೆಯೊಳಗೆ ತಲುಪಿದೆವು. ಬಸ್ ನಿಲ್ದಾಣದ ಬಾಜು ಅವಲಕ್ಕಿ, ಚಹಾ ಆಯಿತು. ಸುತ್ತಲಿನ ಹಳ್ಳಿಗಳ ಕೆಂಪು ಹೆಂಚು ಬಹಳಷ್ಟು ಈ ಊರಿನ ಭಟ್ಟಿಗಳದ್ದೇ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಮಲಪ್ರಭೆ ದಾಟಿದ ಮೇಲೆ ಕಾಡು ಹತ್ತಿರವಾಯಿತು, ಡಾಂಬರು ಕಿರಿದಾಯಿತು, ಕೊನೆಗೆ ಕೆಮ್ಮಣ್ಣಿನ ದಾರಿ ಮಾತ್ರ ಉಳಿಯಿತು. ನನ್ನ ಫೋನಿನ ನಕ್ಷೆಯಲ್ಲಿ ಆ ದಾರಿಯಿಲ್ಲ. ಊರಿನ ಹೆಸರೂ ಇಲ್ಲ. ಹಸಿರು ಬಣ್ಣದ ನಡುವೆ ನಮ್ಮದೊಂದು ನೀಲಿ ಚುಕ್ಕೆ ತೆವಳುತ್ತಿತ್ತು. ಇನ್ನು ಮೇಲೆ ಈ ಊರೂ ನಕ್ಷೆಗೆ ಬರುತ್ತದಲ್ಲ ಎಂದು ಸಂತೋಷಪಟ್ಟೆ.

ಬಸವರಾಜ ಕೆಲಸದ ಬಗೆಯನ್ನು ವಿವರಿಸಿದರು. ಹೊಲಗಳಿಗೆ ಹಿಂದಿನಿಂದಲೂ ನಕ್ಷೆಯಿದೆ. ಊರೊಳಗಿನ ಮನೆಗಳಿಗೆ ಇಲ್ಲ. ಈಗ ಮೊದಲ ದಿನ ಮಾಲೀಕರ ಎದುರೇ ಪ್ರತಿ ಜಾಗದ ಎಲ್ಲೆಗೆ ಸುಣ್ಣ ಹಾಕುತ್ತಾರೆ. ಮರುದಿನ ಡ್ರೋನ್ ಮೇಲಿನಿಂದ ಫೋಟೋ ತೆಗೆಯುತ್ತದೆ. ದೂರದ ಕಚೇರಿಯಲ್ಲಿ ಆ ಫೋಟೋ ನೋಡಿ ನಕ್ಷೆ ಬರೆಯುತ್ತಾರೆ. ಮನೆಗೊಂದು ಕಾರ್ಡು ಬರುತ್ತದೆ. ಮಾರಲು, ಸಾಲ ಪಡೆಯಲು, ಮಕ್ಕಳಿಗೆ ಬರೆದುಕೊಡಲು ಅದೇ ಆಧಾರ.

ಉಳಿದ ಮನೆಗಳಲ್ಲಿ ಕೆಲಸ ಬೇಗ ಸಾಗಿತು. ಅವುಗಳಿಗೆ ಬೇರೆ ಬೇರೆ ಸೂರು, ನಡುವೆ ಓಣಿ ಅಥವಾ ಕಲ್ಲಿನ ಬೇಲಿ. ಹಲಸಿನ ಮರದ ಮನೆ ಮಾತ್ರ ಹಾಗಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಒಳಗೆ ಮಣ್ಣಿನ ಗೋಡೆ ಎಬ್ಬಿಸಿ, ಸೂರನ್ನು ಇದ್ದಂತೆಯೇ ಬಿಟ್ಟಿದ್ದರು; ಪಾಲಿಗೆ ಕಾಗದ ಮಾಡಿಸಿರಲಿಲ್ಲ. ಮಲೆನಾಡಿನಂಥ ಈ ಸೀಮೆಯಲ್ಲಿ ಸೂರು ಒಡೆದರೆ ಒಡೆದ ಕಡೆಯೇ ಸೋರುತ್ತದೆ. ಆ ಗೋಡೆ ಹೆಂಚಿನ ಕೆಳಗೇ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಒಂದೇ ಮನೆ.

ಅದಕ್ಕೆ ಬಸವರಾಜ ಒಂದು ಉಪಾಯ ಹೇಳಿದರು: ಒಳಗೋಡೆಯ ನೇರಕ್ಕೆ ಮುಂದಿನ ಅಂಗಳದಲ್ಲೊಂದು, ಹಿತ್ತಲಿನಲ್ಲೊಂದು ಗೆರೆ. ನಕ್ಷೆ ಬರೆಯುವವರು ಎರಡನ್ನೂ ಸೂರಿನ ಮೇಲಿಂದ ಕೂಡಿಸುತ್ತಾರೆ. ನೆರೆಮನೆಯ ಗಂಗಾರಾಮ ಅಜ್ಜ ಪಾಲು ಮಾಡಿದ ದಿನ ಪಂಚರಲ್ಲಿ ಒಬ್ಬರಾಗಿದ್ದವರು. ಅವರು ಹಗ್ಗದ ಒಂದು ತುದಿ ಹಿಡಿದು ಹಲಸಿನ ಬುಡಕ್ಕೆ ಬಂದರು. ಇನ್ನೊಂದು ತುದಿಯನ್ನು ಮಾರುತಿ ಗೋಡೆಗೆ ಒತ್ತಿ ಹಿಡಿದರು. "ಅಜ್ಜಾ, ನಿಮ್ಮ ಕೈ ನಡಗತೈತಿ, ಗೆರಿ ನನ್ನ ಕಡೆ ವಾಲತೈತಿ ನೋಡ್ರಿ" ಎಂದು ಮಾರುತಿ ಚೇಷ್ಟೆ ಮಾಡಿದರು. ಅಜ್ಜ ಹಗ್ಗ ಜಗ್ಗಿ ಬಿಗಿ ಮಾಡಿದರು. ಸುಶೀಲಾಬಾಯಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹಗ್ಗದ ಗುಂಟ ತಾವೇ ಸುಣ್ಣ ಉದುರಿಸಿದರು, ಬೀಜ ಬಿತ್ತಿದ ಹಾಗೆ. ಹಿತ್ತಲಲ್ಲೂ ಅದೇ ಆಯಿತು. ಯಾರೂ ತಕರಾರು ಮಾಡಲಿಲ್ಲ.

ನಾನು ಆ ಗೆರೆಯ ಫೋಟೋ ತೆಗೆಯಲಿಲ್ಲ. ಮರುದಿನ ಆಕಾಶದಿಂದಲೇ ತೆಗೆಯುವವರಿದ್ದರಲ್ಲ.

ಮಧ್ಯಾಹ್ನ ಸುಶೀಲಾಬಾಯಿ ನನಗೂ ರಜಾಕ್‌ಗೂ ಭಾಕ್ರಿ, ಝುಣಕ ಬಡಿಸಿದರು. ಅವರ ಮನೆಮಾತು ಮರಾಠಿ. ನಮ್ಮೊಡನೆ ಕನ್ನಡದಲ್ಲಿ ಮಾತಾಡಿದರು. ಗೋವಾ ಕಡೆಯವರೊಬ್ಬರು ರೆಸಾರ್ಟ್ ಕಟ್ಟಲು ಜಾಗ ಹುಡುಕುತ್ತಿದ್ದಾರಂತೆ. ಇಡೀ ಮನೆ, ಹಿತ್ತಲು ಸೇರಿಸಿ ಕೊಟ್ಟುಬಿಡೋಣ ಎಂದು ಮಾರುತಿ ಎರಡು ವರ್ಷದಿಂದ ಹಿಂದೆ ಬಿದ್ದಿದ್ದಾರೆ. ಇವರು ಒಪ್ಪಿಲ್ಲ. ಅರ್ಧಕ್ಕೆ ತಮ್ಮ ಹೆಸರಿನ ಕಾರ್ಡು ಬಂದರೆ ಮೈದುನನೂ ಕೇಳುವುದನ್ನು ಬಿಡುತ್ತಾರೆ ಎಂಬುದು ಅವರ ಲೆಕ್ಕ. "ನನಗೇನ್ ಮಹಲ್ ಬ್ಯಾಡ್ರಿ. ನನ್ನ ಬಾಗಲಾ ನನ್ನದು ಅಂತ ಒಂದು ಕಾಗದ ಹೇಳಿದ್ರ ಸಾಕು" ಎಂದರು.

ಸಂಜೆ ಐದರ ಹೊತ್ತಿಗೆ ಗಾಳಿ ಎದ್ದಿತು. ಆನೆಕಲ್ಲು ಸಮೇತ ಅಡ್ಡಮಳೆ ಹೊಡೆಯಿತು. ಗಂಗಾರಾಮರ ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದೆವು. ಓಣಿಯಲ್ಲಿ ನೀರು ಹಾಲಿನ ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಅದು ಊರಿನ ಎಲ್ಲೆಗಳೆಲ್ಲ ಕರಗಿ ಹೋಗುತ್ತಿರುವುದು ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಬುಧವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಡ್ರೋನ್ ತಂಡ ಬಂತು. ಹಾರಿಸುವವರು ಸ್ನೇಹಾ ಎಂಬ ತರುಣಿ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವರು. ಅಷ್ಟು ಎತ್ತರದಿಂದ ಐದು ಸೆಂಟಿಮೀಟರ್ ವ್ಯತ್ಯಾಸವನ್ನೂ ಈ ಯಂತ್ರ ಹಿಡಿಯುತ್ತದೆ ಎಂದು ಹೆಮ್ಮೆಯಿಂದ ತೋರಿಸಿದರು. ನಾನು ಹಲಸಿನ ಬುಡಕ್ಕೆ ಹೋಗಿ ನೋಡಿದೆ. ಗೆರೆಯ ಗುರುತೂ ಇರಲಿಲ್ಲ. ಸುಣ್ಣದ ಚೀಲಗಳೆರಡೂ ಹಿಂದಿನ ದಿನವೇ ಮುಗಿದಿದ್ದವು.

ಇನ್ನೊಮ್ಮೆ ಸುಣ್ಣ ತಂದು ಗೆರೆ ಎಳೆದು ನಾಳೆ ಹಾರಿಸಿ ಎಂದೆ. ಖಾನಾಪುರಕ್ಕೆ ಹೋಗಿ ಈಗಲೇ ತರುತ್ತೇನೆ ಎಂದು ರಜಾಕ್ ಜೀಪಿನ ಕೀಲಿ ಕೈಗೆತ್ತಿಕೊಂಡರು. ಬಸವರಾಜ ಮೇಲಿನವರಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ, ಬಸವರಾಜರ "ಹೌದ್ರಿ ಸರ್" ಮಾತ್ರ ಕೇಳಿಸಿತು. ಡ್ರೋನ್ ಮಧ್ಯಾಹ್ನಕ್ಕೆ ಮುಂದಿನ ಊರಿನಲ್ಲಿರಬೇಕು, ಕಾಯುವ ಹಾಗಿಲ್ಲ, ಯಾರದಾದರೂ ತಪ್ಪಾದರೆ ಆಮೇಲೆ ತಕರಾರು ಕೊಡಲು ಅವಕಾಶವಿದೆ ಎಂದರಂತೆ.

ತಕರಾರಿಗೆ ಏನು ಆಧಾರ ಕೊಡಬೇಕು ಎಂದು ಕೇಳಿದೆ. ಒಳಗೋಡೆ ಫೋಟೋದಲ್ಲಿ ಕಾಣುವುದಿಲ್ಲವಲ್ಲ ಎಂದು ಬಸವರಾಜ ನೆಲ ನೋಡಿದರು. ಆಧಾರ ಆ ನೆಲದ ಮೇಲೆಯೇ ಇತ್ತು; ರಾತ್ರಿ ಹರಿದುಹೋಗಿತ್ತು.

ಆಗ ಮಾರುತಿಯವರ ಕಡೆ ತಿರುಗಿದೆ. ನೀವೇ ಹಗ್ಗ ಹಿಡಿದಿದ್ದಿರಿ, ಗೆರೆ ಎಲ್ಲಿತ್ತೆಂದು ಹೇಳಿ ಎಂದೆ. ಅವರು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕುಳಿತಿದ್ದರು. ನಿಧಾನವಾಗಿ ಬಾಯಿ ಮುಕ್ಕಳಿಸಿದರು.

"ಎಲ್ಲಿ ಗೆರಿ ಮಾಸ್ತರ? ನನಗೇನೂ ಕಾಣವಲ್ದು. ನೀವು ಪಾವಣ್ಯಾರು, ಹೊರಗಿಂದ ಬಂದವ್ರು, ಕುಂದರ್ರಿ, ಚಹಾ ಕುಡೀರಿ. ಮಷೀನ್ ಇದ್ದದ್ದನ್ನ ನೋಡತೈತಿ."

ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಒಬ್ಬ ಮನುಷ್ಯನ ಆಸೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ; ಆಸೆ ಎಲ್ಲ ಊರಲ್ಲೂ ಇದೆ. ಮೂರು ಬೆರಳಗಲವೂ ತಪ್ಪದ ಯಂತ್ರವನ್ನು ಕಾಡಿನ ನಡುವಿನವರೆಗೆ ತಂದವರು, ಏಪ್ರಿಲ್‌ನಲ್ಲಿ ಖಾನಾಪುರದ ಕಡೆ ಮಳೆಯಾಗುತ್ತದೆ ಎಂಬಷ್ಟನ್ನು ಯಾರನ್ನೂ ಕೇಳಲಿಲ್ಲ. ಒಂದು ಚೀಲ ಸುಣ್ಣ ಹೆಚ್ಚಿಗೆ ಇಡಲಿಲ್ಲ. ಒಂದು ದಿನ ಕಾಯಲಿಲ್ಲ. ಆ ಆಸೆಗೆ ಬಾಗಿಲು ತೆರೆದವರು ಅವರು.

ಸುಶೀಲಾಬಾಯಿ ಮೈದುನನ ಮಾತು ಕೇಳಿ ಜಗಳಕ್ಕೆ ಬರಲಿಲ್ಲ. ಒಳಗೆ ಹೋದರು. ಟ್ರಂಕಿನ ಸದ್ದು ಕೇಳಿಸಿತು. ಗಂಡನ ಬಿಳಿಯ ಧೋತರಗಳನ್ನು ಎದೆಗವಚಿಕೊಂಡು ಹೊರಗೆ ಬಂದರು. ಅಂಗಳದಲ್ಲಿ ಬಾಗಿಲುಗಳ ನಡುವಿನಿಂದ ಹಲಸಿನ ಕಡೆಗೆ ಒಂದನ್ನು ಉದ್ದಕ್ಕೆ ಮಡಿಚಿ ಹಾಸಿ, ತುದಿಗಳಿಗೆ ಕಲ್ಲಿಟ್ಟರು. ಅದರ ಮುಂದಕ್ಕೆ ಇನ್ನೊಂದು. ಉಳಿದದ್ದನ್ನು ಹಿಡಿದುಕೊಂಡು ಹಿತ್ತಲಿಗೆ ಓಡಿದರು. ಅವರ ಸೆರಗು ಜಾರಿತ್ತು, ಲಕ್ಷ್ಯವಿರಲಿಲ್ಲ. ಗಂಗಾರಾಮ ಅಜ್ಜ ಕೋಲೂರುತ್ತ ಬಂದು ಮುಂದಿನ ಧೋತರವನ್ನು ಕಾಲಿನಿಂದ ಸರಿಸಿ ನೇರ ಮಾಡಿದರು. ಡ್ರೋನ್ ಆಗಲೇ ಎದ್ದಿತ್ತು. ಹೊಲ ಉಳುವ ಎತ್ತಿನ ಹಾಗೆ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಬರುತ್ತಿತ್ತು. ಅದು ನಮ್ಮ ತಲೆಯ ಮೇಲೆ ಹಾದುಹೋಗುವಾಗ ಮುಂದಿನ ಎರಡು ಧೋತರಗಳೂ ಹಾಸಿಯೇ ಇದ್ದವು. ಅದನ್ನು ನಾನು ಕಂಡೆ.

ಮಾರುತಿಯವರೂ ಕಂಡರು. ಕಟ್ಟೆ ಇಳಿದು ಬಂದು, ಸ್ನೇಹಾ ಅವರಿಗೆ ಕೇಳುವಂತೆ ಹೇಳಿದರು: "ಮೇಡಮ್ಮರ, ನಮ್ಮ ವಹಿನಿ ಅರಿಬಿ ಒಣಾಕ ಹಾಕ್ಯಾಳ. ಫೋಟೋ ಹೊಲಸಾಗತೈತಿ, ತಗೀಲೇನು?"

"ಮುಟ್ಟಿ ನೋಡ್ರಿ ಭಾವೋಜಿ" ಎಂದರು ಸುಶೀಲಾಬಾಯಿ. ಹಿತ್ತಲಿನಿಂದ ಮರಳಿ ಬಂದಿದ್ದರು. ಧ್ವನಿ ಏರಿಸಲಿಲ್ಲ. "ನಿಮ್ಮ ಅಣ್ಣನ ಧೋತರ ಅದು. ಅಣ್ಣ ಅಡ್ಡ ಮಲಗ್ಯಾನ ಅಂತ ತಿಳೀರಿ. ದಾಟ್ರಿ ನೋಡೂಣು."

ಮಾರುತಿ ದಾಟಲಿಲ್ಲ. ಸುತ್ತು ಹಾಕಿ ಓಣಿಗೆ ಹೋದರು.

ನಾನು ಸ್ನೇಹಾ ಅವರ ಬಳಿ ಹೋಗಿ, ಧೋತರ ಫೋಟೋದಲ್ಲಿ ಬಂದಿದೆಯೆ ಎಂದು ಕೇಳಿದೆ. ಬಂದಿದೆ, ಬಹಳ ಸ್ವಚ್ಛವಾಗಿ ಬಂದಿದೆ ಎಂದು ತೆರೆಯ ಮೇಲೆ ತೋರಿಸಿದರು. ಕೆಂಪು ಸೂರಿನ ಮುಂದೆ ಎರಡು ಬಿಳಿ ಪಟ್ಟಿ. ಹಿತ್ತಲಿನದು ಮರದ ನೆರಳಲ್ಲಿ ಅರ್ಧ ಮುಚ್ಚಿತ್ತು. ಹಾಗಾದರೆ ಇದು ಎಲ್ಲೆಯೆಂದು ಬರೆದುಕೊಳ್ಳಿ ಎಂದೆ.

"ಸರ್, ನನ್ನ ಕೆಲಸ ಫೋಟೋ ತಗಿಯೂದು. ಗೆರಿ ಎಳಿಯೋರು ಬ್ಯಾರೆ. ಅವರು ಕುಂತಲ್ಲೇ ದಿನಾ ಸಾವಿರ ಸೂರು ನೋಡ್ತಾರ. ಈ ಊರು ಎಲ್ಲಿ ಐತಿ ಅಂತನೂ ಅವರಿಗೆ ಗೊತ್ತಿರೂದಿಲ್ಲ. ನಾ ಹೇಳಿ ಕಳಸ್ತೀನಿ, ಖರೇ. ಆದ್ರ ಅವರು ಇದನ್ನ..." ಎಂದು ನಿಲ್ಲಿಸಿದರು.

ವಾಕ್ಯವನ್ನು ಅವರು ಮುಗಿಸಬೇಕಿರಲಿಲ್ಲ. ಸ್ವಲ್ಪ ಮುಂಚೆ ಮಾರುತಿ ಮುಗಿಸಿದ್ದರು. ಒಣಹಾಕಿದ ಬಟ್ಟೆ.

ಈ ಸಲ ನಾನೂ ಫೋನ್ ತೆಗೆದು ಫೋಟೋ ಹಿಡಿದೆ. ಅದು ನನ್ನ ಬಳಿ ಇದೆ. ನನ್ನ ಮಗಳಿಗೆ ತೋರಿಸಿದಾಗ, ಯಾರ ಮನೆಯ ಬಟ್ಟೆ ಅಪ್ಪಾ, ನೆಲದ ಮೇಲೆ ಯಾಕೆ ಒಣಹಾಕಿದ್ದಾರೆ ಎಂದಳು.

ಮಧ್ಯಾಹ್ನ ಹೊರಟೆವು. ಬಸವರಾಜ ಮುಂದಿನ ಊರಿನಲ್ಲಿ ಇಳಿದುಕೊಂಡರು. ಅಲ್ಲಿಂದ ಮರಳುವಾಗ ಪಾಂಗಾರವಾಡಿಯ ಏರಿನ ಮೇಲೆ ರಜಾಕ್ ತಾವಾಗಿಯೇ ಜೀಪು ನಿಲ್ಲಿಸಿದರು. ಇಳಿದು ಹಿಂತಿರುಗಿ ನೋಡಿದೆ. ಡ್ರೋನ್ ಹೋಗಿ ಬಹಳ ಹೊತ್ತಾಗಿತ್ತು. ಧೋತರಗಳು ಇನ್ನೂ ಅಂಗಳದಲ್ಲೇ ಇದ್ದವು. ಸುಶೀಲಾಬಾಯಿ ಅವುಗಳ ಪಕ್ಕದಲ್ಲಿ, ತಮ್ಮ ಬಾಗಿಲಿನ ಬದಿಯಲ್ಲಿ ಕುಳಿತಿದ್ದರು.

"ಇಷ್ಟು ದೂರದಿಂದ ನಮಗ ಕಾಣತೈತಿ" ಎಂದರು ರಜಾಕ್. ಮತ್ತೆ ಜೀಪು ಹತ್ತಿ ಬೆಳಗಾವಿಯ ದಾರಿ ಹಿಡಿದೆವು.

ದೀಪಾವಳಿಯ ಮುಂಚೆ ನಕ್ಷೆಯ ಕರಡು ಪಂಚಾಯಿತಿಯ ಗೋಡೆಗೆ ಬಂತು. ಆ ಕಡೆ ಬಾಡಿಗೆಗೆ ಹೋಗಿದ್ದ ರಜಾಕ್ ಅದರ ಫೋಟೋ ಕಳಿಸಿದರು. ಊರಿನ ಹೆಸರು ಸರಿಯಾಗಿದೆ. ಓಣಿಗಳು ಸರಿಯಾಗಿವೆ. ಹಲಸಿನ ಮರಕ್ಕೂ ಒಂದು ದುಂಡನೆಯ ಗುರುತಿದೆ. ಅದರ ಎದುರಿಗೆ ಒಂದೇ ಚೌಕ, ಒಂದೇ ಸಂಖ್ಯೆ, ಮಾರುತಿಯವರ ಹೆಸರು. ಅಂಗಳ ಖಾಲಿ. ಸುಶೀಲಾಬಾಯಿ ತಕರಾರು ಕೊಟ್ಟಿದ್ದಾರೆ. ಗೆರೆಯನ್ನು ಕಣ್ಣಾರೆ ಕಂಡವರು ಖಾನಾಪುರಕ್ಕೆ ಬಂದು ಹೇಳಬೇಕೆಂದು ಅಲ್ಲಿನ ಕಚೇರಿಯವರು ಅವರಿಗೆ ತಿಳಿಸಿದ್ದಾರೆ. ನಾನು ಹೋಗುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಮೊದಲು ಬರೆದಿದ್ದೇನೆ.

ಗಂಗಾರಾಮ ಅಜ್ಜ ಶ್ರಾವಣದಲ್ಲಿ ತೀರಿಕೊಂಡರು. ಆ ಮಂಗಳವಾರ ಗೆರೆ ಎಳೆದದ್ದನ್ನು ಕಂಡವರಲ್ಲಿ ಈಗ ಬದುಕಿರುವವರು ಇಷ್ಟು: ಸುಣ್ಣ ಉದುರಿಸಿದ ಸುಶೀಲಾಬಾಯಿ, ಬುಟ್ಟಿ ತುಂಬಿಕೊಟ್ಟ, ಈಗ ಬೇರೆ ತಾಲ್ಲೂಕಿಗೆ ವರ್ಗವಾಗಿರುವ ಬಸವರಾಜ, ಖಾಸಬಾಗದ ರಜಾಕ್ ಭಾಯಿ, ಹಲಸಿನ ಬುಡದಲ್ಲಿ ನಿಂತಿದ್ದ ನಾನು. ಮತ್ತು ಮಾರುತಿ. ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿತ್ತು.